ವಿಷಯ: ‘ಮೋಟಿವೇಶನ್’ಗೆ ಗೋಡೆ ಮೇಲೆ ಏನು ಬರೆಸಲಿ? (ಪೇಂಟರ್ ನಾಳೆ ಬೆಳಿಗ್ಗೆ ಬರ್ತಾರೆ)

ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲೇ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್‌ಗಳಿಗೆ ತರಬೇತಿ ಇದೆ. ಇಂಗ್ಲಿಷಿನ ಪಾಠದ ಹಾಳೆಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಜೊತೆಗೆ ತರಬೇತಿ ಕೋಣೆಯ ಗೋಡೆಗೆ ಒಂದು ತಲೆಬರಹವೂ ಆಗಬೇಕು. ಜನ ಯಾಕೆ ಮನಸ್ಸಿಟ್ಟು ಕೆಲಸ ಮಾಡುತ್ತಾರೆ ಎಂಬುದಕ್ಕೆ ಸಿದ್ಧಾಂತ ಕಟ್ಟಿದ ಮ್ಯಾಸ್ಲೋ, ಹರ್ಜ್‌ಬರ್ಗ್, ವ್ರೂಮ್ ಎಲ್ಲರೂ ಇದ್ದಾರೆ. ನಾನು ಸಿಕ್ಕಿಕೊಂಡಿರುವುದು ಮೂರು ಕಡೆ: ಮೋಟಿವೇಶನ್, ಅದರ ಇಂಟ್ರಿನ್ಸಿಕ್ (ಒಳಗಿನಿಂದ ಬರುವುದು)–ಎಕ್ಸ್‌ಟ್ರಿನ್ಸಿಕ್ (ಹೊರಗಿನಿಂದ ಬರುವುದು) ಜೋಡಿ, ಮತ್ತೆ ಹರ್ಜ್‌ಬರ್ಗರ ಹೈಜೀನ್ ಫ್ಯಾಕ್ಟರ್.

ಮೊದಲನೆಯದಕ್ಕೆ ಪಠ್ಯಪುಸ್ತಕದ ‘ಅಭಿಪ್ರೇರಣೆ’ ಹಾಕಿದ್ದೆ. ಕರಡನ್ನು ಲೈನ್ ಸೂಪರ್‌ವೈಸರ್ ಒಬ್ಬಳ ಕೈಗೆ ಕೊಟ್ಟೆ, ಹತ್ತನೇ ಕ್ಲಾಸು ಓದಿದ ಹುಡುಗಿ. ‘ಅಭಿ’ ಅಂದು ನಿಂತಳು, ‘ಪ್ರೇ’ ಅಂದು ನನ್ನ ಮುಖ ನೋಡಿದಳು. ಹೈಜೀನ್ ಫ್ಯಾಕ್ಟರಿಗೆ ‘ನೈರ್ಮಲ್ಯದ ಅಂಶಗಳು’ ಎಂದಿದ್ದೆ. ಅದನ್ನು ಮಾತ್ರ ಸರಾಗವಾಗಿ ಓದಿ, “ಟಾಯ್ಲೆಟ್ ತೊಳಿಸೋ ವಿಷ್ಯಾನಾ ಮೇಡಂ? ಬರೀರಿ ಬರೀರಿ, ಮೂರು ತಿಂಗಳಿಂದ ಹೇಳ್ತಾನೇ ಇದೀವಿ” ಅಂದಳು. ಪೇಂಟರ್ ನಾಳೆ ಒಂಬತ್ತಕ್ಕೆ ಬರುತ್ತಾರೆ. ದಯವಿಟ್ಟು ಬೇಗ ಹೇಳಿ.

ಸರಸ್ವತಿಪುರಂ, ಮೈಸೂರಿನಿಂದ:

ಅಭಿಪ್ರೇರಣೆ. ಇದರಲ್ಲಿ ಚರ್ಚೆಗೇನಿದೆ? ‘ಈರ್’ ಧಾತುವಿಗೆ ಚಲಿಸು ಎಂದರ್ಥ, ‘ಪ್ರ’ ಸೇರಿ ಪ್ರೇರಣೆ. ಇಂಗ್ಲಿಷ್ ಪದದ ಬೇರಾದ ಲ್ಯಾಟಿನ್ನಿನ ‘ಮೊವೇರೆ’ಗೂ ಚಲಿಸುವುದೆಂದೇ ಅರ್ಥ. ‘ಅಭಿ’ಯು ಗುರಿಯ ಕಡೆಗೆ ಎಂಬುದನ್ನು ತೋರಿಸುತ್ತದೆ. ಇಷ್ಟು ಅಚ್ಚುಕಟ್ಟಾಗಿ ಕೂಡುವ ಜೋಡಿ ಸಿಗುವುದೇ ಅಪರೂಪ. ಉಳಿದದ್ದಕ್ಕೆ ಆಂತರಿಕ, ಬಾಹ್ಯ ಹಾಕಿಕೊಳ್ಳಿ. ಓದಲು ಬಾರದವರಿಗೆ ಓದು ಕಲಿಸಬೇಕೇ ಹೊರತು ಪದವನ್ನೇ ಬದಲಾಯಿಸುವುದಲ್ಲ.

ಎಲ್ಲರನುಡಿ ಬಳಗದವರೊಬ್ಬರಿಂದ (ಸಂಸ್ಕೃತ ಬಿಟ್ಟು ಅಚ್ಚಗನ್ನಡ ಬೇಕೆನ್ನುವವರು):

ಮೇಶ್ಟ್ರು ಹೇಳಿದ್ದು ಸಕ್ಕದ (ಸಂಸ್ಕೃತ) ಕಲಿತವರಿಗೆ ಸರಿ. ಬಾಯಲ್ಲಿ ಹೊರಳದ್ದನ್ನು ಗೋಡೆಗೆ ಬಳಿದು ಓದು ಅಂದರೆ ಆ ಹುಡುಗಿ ಏನು ಮಾಡಬೇಕು? ‘ನೂಕು’ ಅನ್ನಿ. ಒಳಗಿನಿಂದ ಬಂದರೆ ‘ಒಳನೂಕು’, ಹೊರಗಿನಿಂದ ಬಂದರೆ ‘ಹೊರನೂಕು’. ಎರಡೂ ಅಚ್ಚಗನ್ನಡ, ಎರಡೂ ಚಿಕ್ಕವು.

ಮದ್ದೂರಿನಿಂದ:

ಒಳ್ಳೇದು. ‘ಸೂಪರ್‌ವೈಸರ್‌ಗಳು ಕೆಲಸದವರನ್ನು ದಿನಾ ಬೆಳಿಗ್ಗೆ ಹೊರನೂಕಬೇಕು’ ಅಂತ ಬರೆಸಿ. ಮಧ್ಯಾಹ್ನದೊಳಗೆ ಗೇಟ್ ಮುಂದೆ ಶಾಮಿಯಾನ ಎದ್ದಿರ್ತದೆ.

ಅಕ್ಕಾ, ‘ಉಮೇದು’ ಹಾಕಿ. ‘ಅವನಿಗೆ ಕೆಲಸದ ಮೇಲೆ ಉಮೇದೇ ಇಲ್ಲ ಕಣಯ್ಯ’ ಅನ್ನೋದು ದಿನಾ ಕೇಳೋ ಮಾತು.

ಎಲ್ಲರನುಡಿ ಬಳಗದವರು:

ಉಮೇದು ಪಾರ್ಸಿ ನುಡಿಯ ಪದ. ಬೇಡ.

ಮದ್ದೂರಿನಿಂದ:

ಪಾರ್ಸಿಯಲ್ಲಿ ಅದಕ್ಕೆ ಆಸೆ, ನಿರೀಕ್ಷೆ ಅಂತ ಅರ್ಥ. ಇಲ್ಲಿಗೆ ಬಂದು ಹುರುಪಾಯಿತು, ಚುನಾವಣೆ ಬಂದರೆ ಉಮೇದುವಾರನೂ ಆಯಿತು. ಇಷ್ಟು ಕಾಲ ನಮ್ಮ ಮನೆಯಲ್ಲಿ ಉಂಡ ಮೇಲೂ ನೆಂಟನೇನಾ? ಹಾಜರಿ, ರಜಾ, ಅರ್ಜಿ ಎಲ್ಲ ಅದೇ ದಾರಿಯಲ್ಲಿ ಬಂದವು. ಅವನ್ನೂ ತೆಗೆದರೆ ಫ್ಯಾಕ್ಟರಿ ಗೇಟಿನೊಳಗೆ ಕೂಲಿ ಒಂದು ಉಳೀತದೆ, ಅಷ್ಟೆ.

ಪಾಂಡವಪುರದಿಂದ:

ನಾನು ಭಾಷೆ ಓದಿದವನಲ್ಲ. ಮೈಸೂರಿನ ಒಂದು ಕಾರ್ಖಾನೆಯ ಪರ್ಸನಲ್ ವಿಭಾಗದಲ್ಲಿ ನಿವೃತ್ತಿಯವರೆಗೆ ಹಾಜರಿ, ರಜಾ, ಶೋಕಾಸ್ ನೋಟಿಸ್ ನೋಡಿಕೊಂಡಿದ್ದವನು. ನೀವೆಲ್ಲ ಬೇರಿನ ಮೇಲೆ ಜಗಳ ಆಡ್ತಿದ್ದೀರಿ, ನನ್ನ ತಕರಾರು ಬಾಲದ ಮೇಲೆ, ಕ್ರಿಯಾಪದದ ಕೊನೆಗೆ ಸೇರುವ ‘ಇಸು’ ಮೇಲೆ.

ಮಾಡು–ಮಾಡಿಸು, ಉಣ್ಣು–ಉಣಿಸು ಇವನ್ನು ಶಾಲೆಯಲ್ಲಿ ಪ್ರೇರಣಾರ್ಥಕ ಎಂದೇ ಕಲಿತಿದ್ದೇವೆ. ಅಲ್ಲಿಗೆ ಕನ್ನಡದ ಕಿವಿಗೆ ಪ್ರೇರಣೆ ಎಂದರೆ ಒಬ್ಬ ಇನ್ನೊಬ್ಬನ ಕೈಲಿ ಮಾಡಿಸುವುದು. ಹರ್ಜ್‌ಬರ್ಗ್ 1968ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದ ಜಗಳವೇ ಇದು. ನಾಯಿಗೆ ಒದ್ದರೆ ಓಡುತ್ತದೆ. ಇನ್ನೊಮ್ಮೆ ಓಡಬೇಕಾದರೆ ಇನ್ನೊಮ್ಮೆ ಒದೆಯಬೇಕು. ಹಾಗಾದರೆ ಮೋಟಿವೇಶನ್ ಇರುವುದು ಒದೆಯುವವನಿಗೋ ನಾಯಿಗೋ? ಒದೆಯ ಜಾಗದಲ್ಲಿ ಬಿಸ್ಕತ್ತು ಇಟ್ಟರೂ ಲೆಕ್ಕ ಬದಲಾಗುವುದಿಲ್ಲ ಅನ್ನುತ್ತಾರೆ. ನಮ್ಮಲ್ಲಿ ಒಮ್ಮೆ ಹಾಜರಿ ಬೋನಸ್ ತಂದರು. ಒಂದೆರಡು ತಿಂಗಳು ಹಾಜರಿ ಏರಿತು, ಆಮೇಲೆ ಅದು ಸಂಬಳದ ಭಾಗವೇ ಆಗಿ ಹಾಜರಿ ಹಳೇ ಜಾಗಕ್ಕೆ ಬಂತು. ನಿಲ್ಲಿಸಿದ ದಿನ ಕ್ಯಾಂಟೀನಿನಲ್ಲಿ ಯಾರೂ ತಟ್ಟೆ ಮುಟ್ಟಲಿಲ್ಲ. ಮಾಡಿಸಿದ್ದು ನಾವು, ಅವರಾಗಿ ಮಾಡಿದ್ದಲ್ಲ.

ಹೈಜೀನ್ ಅನ್ನುವುದು ಅವರು ವೈದ್ಯದಿಂದ ತಂದ ಮಾತು. ಇದ್ದರೆ ಕಾಯಿಲೆ ತಪ್ಪುತ್ತದೆ, ಇದ್ದಮಾತ್ರಕ್ಕೆ ಬಲ ಬರುವುದಿಲ್ಲ. ಸಂಬಳ, ಕಂಪನಿಯ ನಿಯಮ, ಮೇಲಿನವರ ನಡತೆ, ಕೆಲಸದ ಜಾಗ ಹೇಗಿದೆ ಅನ್ನುವುದು ಎಲ್ಲ ಆ ಪಟ್ಟಿಯಲ್ಲಿವೆ. ಇವು ಕೆಟ್ಟರೆ ಗೊಣಗಾಟ. ಸರಿಯಿದ್ದರೆ ಗೊಣಗಾಟ ಇಲ್ಲ ಅಷ್ಟೆ, ಹುಮ್ಮಸ್ಸೇನೂ ಹುಟ್ಟುವುದಿಲ್ಲ. ಕನ್ನಡದಲ್ಲಿ ಇದಕ್ಕೆ ‘ಪಥ್ಯ’ ಇದೆಯಲ್ಲ? ಪಥ್ಯ ತಪ್ಪಿದರೆ ಕಾಯಿಲೆ ಮರುಕಳಿಸುತ್ತದೆ, ಬರೀ ಪಥ್ಯದಿಂದ ಯಾರೂ ಪೈಲ್ವಾನರಾಗಿಲ್ಲ. ಆ ಹುಡುಗಿಯೂ ತಪ್ಪು ಓದಿಲ್ಲ ತಾಯಿ. ಟಾಯ್ಲೆಟ್ಟೂ ಅದೇ ಪಟ್ಟಿಗೇ ಸೇರುವುದು.

ಮದ್ದೂರಿನವರ ಉಮೇದನ್ನು ವ್ರೂಮ್‌ಗೆ ಕಾಯ್ದಿಡಿ. 1964ರ ಆ ಸಿದ್ಧಾಂತ ನಿಂತಿರುವುದೇ ನಿರೀಕ್ಷೆಯ ಮೇಲೆ: ಒದ್ದಾಡಿದರೆ ಕೆಲಸ ಆಗುತ್ತೆ, ಕೆಲಸ ಆದರೆ ಫಲ ಸಿಗುತ್ತೆ, ಆ ಫಲ ನನಗೆ ಬೇಕು. ಮೂರನ್ನೂ ಗುಣಿಸುವುದು, ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಪಾರ್ಸಿಯ ಹಳೇ ಅರ್ಥ, ಕನ್ನಡದ ಹೊಸ ಅರ್ಥ ಎರಡೂ ಅಲ್ಲಿ ಕೂತುಕೊಳ್ಳುತ್ತವೆ. ಮನುಷ್ಯನ ಅಗತ್ಯಗಳನ್ನು ಒಂದರ ಮೇಲೊಂದಾಗಿ ಜೋಡಿಸಿದ ಮ್ಯಾಸ್ಲೋಗೆ ಪಿರಮಿಡ್ ಅಂತ ಮಾತ್ರ ಬರೆಸಬೇಡಿ. 1943ರ ಅವರ ಲೇಖನದಲ್ಲಿ ತ್ರಿಕೋನವೇ ಇಲ್ಲ, ಆಮೇಲೆ ಬೇರೆಯವರು ಬರೆದದ್ದು. ಮೆಟ್ಟಿಲು ಅನ್ನಿ.

ಇನ್ನೊಂದು. ನಮ್ಮೂರಲ್ಲಿ ನಾಟಿಗೆ ಮುಯ್ಯಾಳು ಬರುತ್ತಿದ್ದರು. ಕೂಲಿಯಾಳು ಬಂದ ದಿನ ಅಪ್ಪ ಬದುವಿನ ಮೇಲೆ ಕೊಡೆ ಹಿಡಿದು ನಿಂತೇ ಇರುತ್ತಿದ್ದರು. ಮುಯ್ಯಾಳು ಬಂದ ದಿನ ಅವರೂ ಪಂಚೆ ಕಟ್ಟಿ ಕೆಸರಿಗಿಳಿಯುತ್ತಿದ್ದರು, ಅವ್ವ ಮುದ್ದೆ ಉಪ್ಸಾರಿನ ಜೊತೆ ಒಂದು ಪಾಯಸ ಮಾಡುತ್ತಿದ್ದಳು. ನಾಳೆ ಅವರ ಗದ್ದೆಗೆ ನಾವು ಹೋಗಬೇಕಲ್ಲ. ಇದು ಒಳಗಿನದೋ ಹೊರಗಿನದೋ, ಯಾವ ಮಾಡೆಲ್ಲಿಗೂ ಹೊಂದಿಸಲು ನನಗೆ ಇವತ್ತಿಗೂ ಆಗಿಲ್ಲ.

ಸರಸ್ವತಿಪುರಂನಿಂದ:

‘ಇಸು’ ಬಂದಲ್ಲೆಲ್ಲ ಪ್ರೇರಣಾರ್ಥಕವಾಗುವುದಿಲ್ಲ. ಯೋಚಿಸು, ದುಃಖಿಸು, ಸುಖಿಸು. ಇಲ್ಲಿ ಯಾರು ಯಾರ ಕೈಲಿ ಮಾಡಿಸಿದರು? ಸಂಸ್ಕೃತ ಶಬ್ದವನ್ನು ಕನ್ನಡದ ಕ್ರಿಯಾಪದ ಮಾಡಿಕೊಳ್ಳುವ ದಾರಿ ಅದು. ವ್ಯಾಕರಣ ಗೊತ್ತಿಲ್ಲದೆ ವ್ಯಾಕರಣ ಮಾತಾಡಬಾರದು. ಇನ್ನು ಹರ್ಜ್‌ಬರ್ಗ್ 1959ರ ತಮ್ಮ ಪುಸ್ತಕಕ್ಕಾಗಿ ಕೇಳಿದ್ದು ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಎಂಜಿನಿಯರು, ಲೆಕ್ಕಿಗರನ್ನು. ಗಂಟೆಗಿಷ್ಟು ಪೀಸ್ ಎಂದು ಹೊಲಿಯುವವರನ್ನಲ್ಲ.

ಪಾಂಡವಪುರದಿಂದ:

ಮೇಷ್ಟ್ರೇ, ಯೋಚಿಸು ಒಪ್ಪಿದೆ. ಆದರೆ ‘ಪ್ರೇರೇಪಿಸು’ ಅಂದರೆ ‘ಯಾರನ್ನು?’ ಅಂತ ಕೇಳದೆ ಬಿಡ್ತೀರಾ? ಯೋಚಿಸುವುದಕ್ಕೆ ಇನ್ನೊಬ್ಬ ಬೇಕಿಲ್ಲ, ಪ್ರೇರೇಪಿಸುವುದಕ್ಕೆ ಬೇಕು. ನನ್ನ ಮಾತು ಅಷ್ಟೆ. ಪಿಟ್ಸ್‌ಬರ್ಗ್ ವಿಷಯ ನೂರಕ್ಕೆ ನೂರು ಸರಿ.

ಮಂಡ್ಯದಿಂದ, ಮರುದಿನ:

ಎಲ್ಲರಿಗೂ ಥ್ಯಾಂಕ್ಸ್. ಗೋಡೆ ಮೇಲೆ ಇದನ್ನು ಬರೆಸಿದೆ: ‘ಕೆಲಸಕ್ಕೆ ಮನಸ್ಸು ಎಲ್ಲಿಂದ ಬರುತ್ತೆ?’ ‘ಯಾಕೋ ಕೆಲಸಕ್ಕೆ ಮನಸ್ಸೇ ಬರ್ತಿಲ್ಲ’ ಅಂತ ದಿನಾ ಅಂದುಕೊಳ್ಳುವವರೇ ಅಲ್ವಾ ನಾವು. ಅದೇ ಹುಡುಗಿ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಓದಿ, “ನಮ್ಮನ್ನೇ ಕೇಳ್ತಿದ್ದಾರಾ ಮೇಡಂ?” ಅಂದಳು. ಪರೀಕ್ಷೆ ಬರೆಯುವ ಒಂದಿಬ್ಬರಿದ್ದಾರೆ, ಅವರಿಗಾಗಿ ಹಾಳೆಯಲ್ಲಿ ‘ಅಭಿಪ್ರೇರಣೆ’ ಒಂದು ಸಲ ಉಳಿಸಿದ್ದೇನೆ ಮೇಷ್ಟ್ರೇ. ‘ಪಥ್ಯ’ ಪಾಸಾಯಿತು. ಅದರ ಕೆಳಗೆ ಉದಾಹರಣೆಗೆ ಟಾಯ್ಲೆಟ್ ಅಂತ ಬರೆದಿದ್ದೆ. ಆಫೀಸಿನವರು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು ‘ಕುಡಿಯುವ ನೀರು’ ಮಾಡಿದರು.

ಎಲ್ಲರನುಡಿ ಬಳಗದವರು:

ಮನಸ್ಸು ಸಕ್ಕದ.

ಮದ್ದೂರಿನಿಂದ:

ಬಳಿದು ಆಯ್ತು ಮಾರಾಯ್ರೆ, ಪೇಂಟರ್ ದುಡ್ಡೂ ಇಸ್ಕೊಂಡು ಹೋದ.