ಟರ್ಮಿನಲ್‌ನಲ್ಲಿ ಒತ್ತಿದ ಪಾಸ್‌ವರ್ಡ್ ಪಕ್ಕದ ವಿಂಡೋಗೆ ತಿಳಿಯುತ್ತದೆಯೇ?

ಹಳೇ ಕೀಲಿಮಣೆ: ಹಳೆಯ ಲ್ಯಾಪ್‌ಟಾಪಿಗೆ ಮೊನ್ನೆ ಲಿನಕ್ಸ್ ಹಾಕಿಕೊಂಡೆ. ಲಾಗಿನ್ ಪರದೆಯಲ್ಲಿ ವಿಂಡೋಗಳನ್ನು ಪರದೆಗೆ ತರುವ ವ್ಯವಸ್ಥೆಗೆ ಎಕ್ಸ್11, ವೇಲ್ಯಾಂಡ್ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು ಸುರಕ್ಷಿತವಲ್ಲ ಎಂದು ಕಂಡವರೆಲ್ಲ ಹೇಳುತ್ತಾರೆ. 1987ರಿಂದ ನಡೆದುಬಂದ ವ್ಯವಸ್ಥೆಯಲ್ಲಿ ಈಗ ದಿಢೀರನೆ ಏನು ದೋಷ ಕಂಡಿತು? ನನಗೇನೋ ಇದು ಹೊಸದರ ಹುಚ್ಚಿನಂತೆ ತೋರುತ್ತದೆ.

ನೀಲಿಪರದೆ: ದೋಷ ಈಗ ಕಂಡದ್ದಲ್ಲ ಸರ್, ವಿನ್ಯಾಸದಲ್ಲೇ ಇದೆ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಕ್ಸ್11ರ ಮೂಲವಾದ ಎಕ್ಸ್ ಹುಟ್ಟಿದಾಗ, ಒಂದೇ ಪರದೆಯಲ್ಲಿ ತೆರೆದಿರುವ ಪ್ರೋಗ್ರಾಂಗಳು ಒಂದನ್ನೊಂದು ನಂಬಬಹುದು ಎಂದೇ ಭಾವಿಸಲಾಗಿತ್ತು. ಪರದೆಗೆ ಸೇರಲು ಕುಕೀ ಎಂಬ ಗುಪ್ತ ಸಂಕೇತ ಬೇಕು, ನಿಜ. ಆದರೆ ಹೊಸ್ತಿಲಲ್ಲಿ ಕಾವಲಿಟ್ಟು ಒಳಗಿನ ಯಾವ ಕೋಣೆಗೂ ಬಾಗಿಲಿಡದ ಮನೆಯಂತೆ, ಒಮ್ಮೆ ಒಳಬಂದ ಪ್ರೋಗ್ರಾಂ ಉಳಿದವುಗಳ ಕೀಲಿಗಳನ್ನೂ ಚಿತ್ರವನ್ನೂ ಪಡೆಯಬಲ್ಲದು. ಎಕ್ಸ್11ರಲ್ಲಿ ಎರಡು ಟರ್ಮಿನಲ್ (ಆದೇಶ ಬರೆದು ಓಡಿಸುವ ವಿಂಡೋ) ತೆರೆದು, ಒಂದರಲ್ಲಿ ಕೀಲಿಮಣೆ, ಮೌಸ್‌ಗಳನ್ನು ಪರೀಕ್ಷಿಸುವ ಎಕ್ಸ್‌ಇನ್‌ಪುಟ್‌ನ ಟೆಸ್ಟ್ ಆದೇಶಕ್ಕೆ ನಿಮ್ಮ ಕೀಲಿಮಣೆಯ ಸಂಖ್ಯೆ ಕೊಟ್ಟು, ಇನ್ನೊಂದರಲ್ಲಿ, ಪಾಸ್‌ವರ್ಡ್ ಕೇಳಿ ಆದೇಶವನ್ನು ಮೇಲಧಿಕಾರದಲ್ಲಿ ಓಡಿಸುವ ಸುಡೊ ಬಳಸಿ ನೋಡಿ.

ಹಳೇ ಕೀಲಿಮಣೆ: ಮಾಡಿ ನೋಡಿದೆ. ಪಾಸ್‌ವರ್ಡ್ ಒತ್ತಿದ ಕಡೆ ಒಂದು ಚುಕ್ಕಿಯೂ ಮೂಡಲಿಲ್ಲ. ಪಕ್ಕದಲ್ಲಿ ‘ಕೀ ಪ್ರೆಸ್ 38’, ‘ಕೀ ರಿಲೀಸ್ 38’ ಎಂದು ಸಾಲುಸಾಲಾಗಿ ಇಳಿಯಿತು. 38 ಎಂದರೆ ‘ಎ’ ಕೀಲಿ. ಈ ಟೆಸ್ಟ್ ಆದೇಶ ರೂಟ್ (ಕಂಪ್ಯೂಟರಿನ ಪೂರ್ಣಾಧಿಕಾರದ) ಅನುಮತಿಯನ್ನೂ ಕೇಳಲಿಲ್ಲ! ಹುಚ್ಚು ಎಂದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಸಂದೇಹಿ: ವೇಲ್ಯಾಂಡ್ ಒಂದು ಪ್ರೋಗ್ರಾಂನ ಕೀಲಿಗಳನ್ನು ಇನ್ನೊಂದಕ್ಕೆ ತೋರಿಸುವುದಿಲ್ಲ, ನಿಜ. ಅಷ್ಟಕ್ಕೇ ಅದನ್ನು ರಾಮಬಾಣ ಎಂದುಕೊಳ್ಳಬೇಡಿ. ನಿಮ್ಮ ಹೆಸರಿನಲ್ಲೇ ಓಡುವ ಕೇಡಿನ ಪ್ರೋಗ್ರಾಂ ಕೀಲಿಗಳನ್ನು ಕದ್ದು ನೋಡಬೇಕಾಗಿಯೇ ಇಲ್ಲ. ಅದು ಟರ್ಮಿನಲ್ ತೆರೆದಾಗಲೆಲ್ಲ ಓದಲ್ಪಡುವ ಬ್ಯಾಷ್‌ಆರ್‌ಸಿ ಕಡತಕ್ಕೆ ಒಂದು ಸಾಲು ಸೇರಿಸಿ, ಸುಡೊ ಹೆಸರಿನಲ್ಲಿ ನಕಲಿಯೊಂದನ್ನು ಕೂರಿಸಿದರೆ ನೀವೇ ಪಾಸ್‌ವರ್ಡ್ ಒಪ್ಪಿಸುತ್ತೀರಿ. ಬೇರೆ ಕಂಪ್ಯೂಟರುಗಳಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿ-ಕಡತಗಳಂತೂ ಹೋಮ್ ಫೋಲ್ಡರಿನಲ್ಲೇ ಬಿದ್ದಿರುತ್ತವೆ. ಇತ್ತ ಬೇರೆ ವಿಂಡೋಗಳಲ್ಲಿ ತಾವೇ ಕೀಲಿ ಒತ್ತಲು ವರ್ಷಗಟ್ಟಲೆ ಬಳಸಿದ ನನ್ನ ಎಕ್ಸ್‌ಡೂಟೂಲ್ ಸ್ಕ್ರಿಪ್ಟುಗಳು ವೇಲ್ಯಾಂಡ್ ವಿಂಡೋಗಳನ್ನು ಮುಟ್ಟುವುದೇ ಇಲ್ಲ. ಕಳೆದುಕೊಂಡದ್ದು ಕಣ್ಣಿಗೆ ಕಾಣುತ್ತಿದೆ, ಗಳಿಸಿದ್ದು ಏನು?

ನೀಲಿಪರದೆ: ಬ್ಯಾಷ್‌ಆರ್‌ಸಿ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಆದರೆ ಆ ದಾರಿಯನ್ನು ಮುಚ್ಚಲೆಂದೇ ನೀವು ಒಂದು ಪ್ರೋಗ್ರಾಂ ಅನ್ನು ಫ್ಲ್ಯಾಟ್‌ಪ್ಯಾಕ್‌ನಲ್ಲಿ (ಪ್ರೋಗ್ರಾಂಗಳನ್ನು ಬೇಲಿಯೊಳಗೆ ಓಡಿಸುವ ವ್ಯವಸ್ಥೆ) ಕೂಡಿಹಾಕಿ, ಕಡತಗಳನ್ನೆಲ್ಲ ಅದರಿಂದ ಮರೆಮಾಡಿದಿರಿ ಎಂದಿಟ್ಟುಕೊಳ್ಳಿ. ಎಕ್ಸ್11ರ ಸಾಕೆಟ್ (ಎಕ್ಸ್11ರೊಡನೆ ಮಾತಾಡುವ ದ್ವಾರ) ಅದರ ಕೈಯಲ್ಲಿದ್ದರೆ ಅದು ಹೊರಗಿನ ಟರ್ಮಿನಲ್ಲಿಗೆ ತಾನೇ ಕೀಲಿ ಒತ್ತಿ, ಬೇಕಾದ ಆದೇಶವನ್ನು ಓಡಿಸಬಲ್ಲದು. ಅಂದರೆ ವೇಲ್ಯಾಂಡ್ ಒಂದೇ ಸಾಲದು, ಆದರೆ ಅದಿಲ್ಲದೆ ಉಳಿದ ಬೇಲಿ ನಿಲ್ಲುವುದಿಲ್ಲ. ನಿಮ್ಮ ಸ್ಕ್ರಿಪ್ಟು ನಿಂತದ್ದೂ ಇದೇ ಕಾರಣಕ್ಕೆ. ಅದು ಮಾಡುತ್ತಿದ್ದ ಕೆಲಸವನ್ನೇ ಕಳ್ಳನೂ ಮಾಡುತ್ತಾನೆ.

ಸಂದೇಹಿ: ಒಪ್ಪಿದೆ, ಸ್ಕ್ರಿಪ್ಟಿನ ದುಃಖ ಮಾತ್ರ ಉಳಿಯಿತು. ಎಕ್ಸ್11ಗಾಗಿ ಬರೆದವನ್ನು ವೇಲ್ಯಾಂಡಿನಲ್ಲಿ ನಡೆಸುವ ಎಕ್ಸ್‌ವೇಲ್ಯಾಂಡ್ ಮೂಲಕ ಓಡುವ ಹಳೆಯ ಪ್ರೋಗ್ರಾಂಗಳು ತಮ್ಮತಮ್ಮಲ್ಲಿ ಈಗಲೂ ಇಣುಕಬಲ್ಲವು ಎಂಬುದನ್ನೂ ಸೇರಿಸಿಕೊಳ್ಳಿ.

ಹಳೇ ಕೀಲಿಮಣೆ: ಹೌದು, ವೇಲ್ಯಾಂಡಿಗೆ ಬದಲಾಗಿ ಅದೇ ಪರೀಕ್ಷೆ ಮಾಡಿದೆ: ಟರ್ಮಿನಲ್ಲಿನ ಕೀಲಿಗಳು ಬರಲಿಲ್ಲ, ಎಕ್ಸ್‌ವೇಲ್ಯಾಂಡ್‌ನಲ್ಲಿ ಓಡುವ ಹಳೆಯ ಆಟದಲ್ಲಿ ಒತ್ತಿದವು ಬಂದವು. ಆಮೇಲೆ ಫ್ಲ್ಯಾಟ್‌ಪ್ಯಾಕಿನ ಅನುಮತಿಗಳನ್ನು ತೆರೆದರೆ, ಪಿಡಿಎಫ್ ಓದುವ ಪ್ರೋಗ್ರಾಂಗೆ ಇಡೀ ಹೋಮ್ ಫೋಲ್ಡರ್ ಬರೆದುಕೊಟ್ಟಿತ್ತು. ಅದನ್ನು ಕಿತ್ತು, ಡೌನ್‌ಲೋಡ್ಸ್ ಒಂದನ್ನೇ ಬಿಟ್ಟಿದ್ದೇನೆ.