ಹೂತಿಗಳನ್ನು ಬಗ್ಗಿಸುವುದು ಬಾಂಬೋ, ಬ್ಯಾಂಕೋ?

ಕಡಲತಡಿ: 2025ರ ಮಾರ್ಚ್ 15ರಿಂದ ಮೇ 6ರವರೆಗೆ ಅಮೆರಿಕ ಯೆಮೆನ್‌ನ ಹೂತಿಗಳ ಮೇಲೆ, ಅಂದರೆ ಕೆಂಪು ಸಮುದ್ರದ ಹಡಗುಗಳಿಗೆ ಹೊಡೆಯುತ್ತಿದ್ದ ಇರಾನ್ ಬೆಂಬಲದ ಬಂಡುಕೋರರ ಮೇಲೆ, ಬಾಂಬ್ ಸುರಿಯಿತು. ಕೊನೆಗೆ ಓಮಾನ್ ನಡುವೆ ನಿಂತು ಕದನ ನಿಲ್ಲಿಸಿತು. ಎರಡೇ ತಿಂಗಳಲ್ಲಿ ಮ್ಯಾಜಿಕ್ ಸೀಸ್, ಎಟರ್ನಿಟಿ ಸಿ ಎಂಬ ಎರಡು ಸರಕು ಹಡಗುಗಳನ್ನು ಹೂತಿಗಳು ಕೆಂಪು ಸಮುದ್ರದಲ್ಲಿ ಮುಳುಗಿಸಿದರು. ಬಾಂಬಿನಿಂದ ಸಾಧಿಸಿದ್ದೇನು?

ಸಿಪಾಯಿ: ಒಪ್ಪಂದ ಆಗಿದ್ದೇ ಅಮೆರಿಕದ ಹಡಗುಗಳ ಮಟ್ಟಿಗೆ. ಮುಳುಗಿದ ಎರಡೂ ಗ್ರೀಕ್ ಕಂಪನಿಗಳವು. ಅಷ್ಟರಮಟ್ಟಿಗೆ ಹೆದರಿಕೆ ಕೆಲಸ ಮಾಡಿದೆ.

ಕಡಲತಡಿ: ಹೇಳಿಕೊಂಡ ಗುರಿ ಎಲ್ಲರ ಹಡಗಿಗೂ ದಾರಿ ತೆರೆಯುವುದಾಗಿತ್ತು. ಆಫ್ರಿಕಾದ ತುದಿಯ ಕೇಪ್ ಸುತ್ತಿ ಹೋಗುವುದು ತಪ್ಪಲಿಲ್ಲ, ಏಷ್ಯಾದಿಂದ ಯುರೋಪಿಗೆ 10–14 ದಿನ ಹೆಚ್ಚು. ಖರ್ಚನ್ನೂ ನೋಡಿ: ಅಮೆರಿಕದ ಯುದ್ಧನೌಕೆ ಹಾರಿಸುವ ಒಂದು ಎಸ್‌ಎಂ-2 ಕ್ಷಿಪಣಿಗೆ ಸುಮಾರು 20 ಲಕ್ಷ ಡಾಲರ್. ಅದು ಉರುಳಿಸುವ ಡ್ರೋನಿಗೆ ಕೆಲವು ಸಾವಿರ.

ಲೆಕ್ಕಿಗ: ಹೂತಿಗಳು ನಿಜಕ್ಕೂ ಬೆಚ್ಚಿದ್ದು 2024ರಲ್ಲಿ, ಬ್ಯಾಂಕಿನ ವಿಷಯಕ್ಕೆ. ರಾಜಧಾನಿ ಸನಾ ಹೂತಿಗಳ ಕೈಲಿದೆ, ಸೌದಿ ಬೆಂಬಲದ ಸರ್ಕಾರ ಇರುವುದು ಏಡನ್‌ನಲ್ಲಿ. ಸನಾದಲ್ಲಿರುವ ಬ್ಯಾಂಕುಗಳು 60 ದಿನದೊಳಗೆ ಮುಖ್ಯ ಕಚೇರಿಯನ್ನು ಏಡನ್‌ಗೆ ಸಾಗಿಸಬೇಕೆಂದು ಏಡನ್‌ನ ಕೇಂದ್ರ ಬ್ಯಾಂಕ್ ಏಪ್ರಿಲ್‌ನಲ್ಲಿ ಆದೇಶಿಸಿತು. ಕೇಳದ ಆರು ಬ್ಯಾಂಕುಗಳ ಪರವಾನಗಿ ಜುಲೈನಲ್ಲಿ ರದ್ದಾಯಿತು. ಪರವಾನಗಿ ಹೋದರೆ ಸ್ವಿಫ್ಟ್ ಕೊಂಡಿ, ಅಂದರೆ ಹೊರದೇಶದ ಬ್ಯಾಂಕುಗಳ ಜೊತೆ ಹಣದ ವ್ಯವಹಾರ ನಡೆಸುವ ಸಂದೇಶ ಜಾಲ, ಕಳಚುತ್ತದೆ. ಆಮೇಲೆ ಆಮದುದಾರನಿಗೆ ಎಲ್‌ಸಿ (ಸರಕಿನ ಹಣಕ್ಕೆ ಬ್ಯಾಂಕ್ ಕೊಡುವ ಖಾತರಿ ಪತ್ರ) ಸಿಗುವುದಿಲ್ಲ, ಹೊದೈದಾ ಬಂದರಿನಲ್ಲಿ ಹೂತಿಗಳು ಎತ್ತುವ ಸುಂಕಕ್ಕೂ ಕತ್ತರಿ. ಆಗ ಹೂತಿಗಳ ನಾಯಕ ಅಬ್ದುಲ್ ಮಲಿಕ್ ಅಲ್-ಹೂತಿ ಬೆದರಿಸಿದ್ದು ಸೌದಿಯನ್ನು: ನಮ್ಮ ಬ್ಯಾಂಕು ಮುಟ್ಟಿದರೆ ನಿಮ್ಮ ಬ್ಯಾಂಕು, ವಿಮಾನ ನಿಲ್ದಾಣ, ಬಂದರು ಉಳಿಯುವುದಿಲ್ಲ ಅಂತ. ಜುಲೈ 23ಕ್ಕೆ ವಿಶ್ವಸಂಸ್ಥೆಯ ದೂತ ಹಾನ್ಸ್ ಗ್ರುಂಡ್‌ಬರ್ಗ್ ರಾಜಿ ಪ್ರಕಟಿಸಿದರು, ಏಡನ್ ಆದೇಶ ಹಿಂಪಡೆಯಿತು. ಬಿಗಿ ಹಿಡಿದದ್ದು ಏಡನ್, ಏಟು ತಿನ್ನಬೇಕಿದ್ದದ್ದು ಸೌದಿಯ ರಿಯಾದ್. ಹಾಗಿರುವಾಗ ಪಟ್ಟು ಹೇಗೆ ಉಳಿದೀತು?

ಮುಂಗಾರು: ಎಲ್‌ಸಿ ನಿಂತರೆ ಗೋಧಿಯೂ ನಿಲ್ಲುತ್ತದೆ ಸ್ವಾಮಿ. ಯೆಮೆನ್ ತಿನ್ನುವ ಗೋಧಿಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಹೊರಗಿನದು. ಆಹಾರ, ಔಷಧಿಯ ಎಲ್‌ಸಿಗೆ ಬೇರೆ ದಾರಿ ಮೊದಲೇ ಮಾಡಿಡದೆ ಬ್ಯಾಂಕು ಹಿಂಡಿದರೆ ಮೊದಲು ಸಾಯುವುದು ಮಕ್ಕಳು.

ಲೆಕ್ಕಿಗ: ಒಪ್ಪಿದೆ. ಆ ವಿನಾಯಿತಿಯನ್ನು ಆದೇಶದ ಜೊತೆಗೇ ಬರೆಯಬೇಕು.

ಸಿಪಾಯಿ: ಆಯುಧದ ದಾರಿಯನ್ನೂ ಮರೆಯಬೇಡಿ. ಜಿಬೂತಿಯಲ್ಲಿರುವ ವಿಶ್ವಸಂಸ್ಥೆಯ ತಪಾಸಣೆ ಹೂತಿ ಬಂದರುಗಳಿಗೆ ಹೋಗುವ 100 ಟನ್ನಿಗಿಂತ ದೊಡ್ಡ ಹಡಗುಗಳಿಗೆ ಮಾತ್ರ, ಸಣ್ಣ ಧೋ ದೋಣಿಗಳು ಅದಕ್ಕೆ ಸಿಗುವುದೇ ಇಲ್ಲ. 2025ರ ಮಧ್ಯಭಾಗದಲ್ಲಿ ಹೂತಿ ವಿರೋಧಿ ಯೆಮೆನಿ ಪಡೆಗಳು ಒಂದೇ ಸಲ 750 ಟನ್ ಇರಾನಿ ಆಯುಧ ಹಿಡಿದವು. ಕಾವಲು ದೋಣಿ, ಸುಳಿವು ಕೊಡುವವರಿಗೆ ಹಣ, ಇವಕ್ಕೆ ಆಗುವ ಖರ್ಚು ಬಾಂಬಿನ ಲೆಕ್ಕದಲ್ಲಿ ಏನೂ ಅಲ್ಲ.