ಮಕ್ಕಳಿಗೆ ಸರ್ಕ್ಯೂಟ್ ಕಲಿಸಿದ್ದು ಹೇಗೆ? ನಿಮ್ಮ ಅನುಭವ ಹೇಳಿ

ಶಿರಸಿಯಿಂದ ಪ್ರಶ್ನೆ: ಮಗಳು ಆರನೇ ಕ್ಲಾಸ್. ಸೆಲ್, ಸ್ವಿಚ್, ಬಲ್ಬಿನ ಚಿತ್ರ ಚಂದ ಬರೆಯುತ್ತಾಳೆ. ಕೈಗೆ ಸಾಮಾನು ಕೊಟ್ಟರೆ ಮಾತ್ರ ಒಂದೇ ವಯರ್ ಹಿಡಿದು ‘ಯಾಕೆ ಹತ್ತಲ್ಲ?’ ಅಂತಾಳೆ. ಕಿಟ್ ತರಿಸಲಾ?

ಕಾರವಾರದಿಂದ: ಕಿಟ್ ಬೇಡ. ಅದರಲ್ಲಿ ಎಲ್ಲ ಚಕ್ಕಂತ ಕೂಡುತ್ತದೆ, ದೀಪ ಹತ್ತುತ್ತದೆ, ಅಲ್ಲಿಗೆ ಮುಗೀತು. ಹತ್ತದಿದ್ದಾಗಲೇ ಅಲ್ವಾ ಮಕ್ಕಳ ತಲೆ ಓಡೋದು? ನಮ್ಮ ಉಪ್ಪುಗಾಳಿಗೆ ಟಾರ್ಚಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತಲೇ ಇರುತ್ತದೆ. ಅಂಥದ್ದೇ ಒಂದು ಹಳೇ ಟಾರ್ಚಿಗೆ ಹೊಸ ಸೆಲ್ ಹಾಕಿ ಮಗನಿಗೆ ಕೊಟ್ಟೆ. ‘ಬಲ್ಬ್ ಹೋಗಿದೆ’ ಅಂದ. ಬಿಚ್ಚಿ ನೇರ ಸೆಲ್ಲಿಗೆ ಹಿಡಿದರೆ ಹತ್ತಿತು. ಹಾಗಾದ್ರೆ ದಾರಿ ಕಡಿದದ್ದು ಎಲ್ಲಿ? ತುಂಡು ವಯರ್ ಹಿಡಿದು ಒಂದೊಂದೇ ಜಾಗ ದಾಟಿಸಿ ನೋಡುತ್ತಾ ಕೊನೆಗೆ ಸ್ಪ್ರಿಂಗಿಗೆ ಬಂದ. ಪಾಲಿಶ್ ಕಾಗದದಲ್ಲಿ ತಿಕ್ಕಿ ತುಕ್ಕು ತೆಗೆದ. ಕರೆಂಟಿಗೆ ವಾಪಸ್ ಬರೋ ದಾರಿಯೂ ಬೇಕು ಅಂತ ನಾನು ಬಾಯಿಬಿಟ್ಟು ಹೇಳಲೇ ಇಲ್ಲ.

ಆಮೇಲೆ ಟಾಗೋರ್ ಬೀಚಿನಿಂದ ಒಂದು ಬಾಟಲಿ ನೀರು ತಂದೆವು. ನಾಲ್ಕು ಸೆಲ್, ಕೆಂಪು ಎಲ್‌ಇಡಿ, 220 ಓಮ್ ರೆಸಿಸ್ಟರ್ (ಕರೆಂಟ್ ಜಾಸ್ತಿ ಹರಿಯದಂತೆ ತಡೆಯೋ ಪುಟ್ಟ ಭಾಗ) ಸಾಲಾಗಿ ಜೋಡಿಸಿ, ನಡುವೆ ಒಂದು ಕಡೆ ಬಿಟ್ಟು, ಆ ಎರಡು ತುದಿ ನೀರಲ್ಲಿ ಅದ್ದಿ. ಸಮುದ್ರದ ನೀರಿಗೆ ದೀಪ ಹತ್ತುತ್ತದೆ, ಬಾವಿ ನೀರಿಗೆ ಇದ್ದೂ ಇಲ್ಲದ ಹಾಗೆ. ಜಾಸ್ತಿ ಹೊತ್ತು ಬಿಡಬೇಡಿ, ನೀರಲ್ಲಿ ಕ್ಲೋರಿನ್ ಹುಟ್ಟುತ್ತದೆ.

ಕುಮಟಾದಿಂದ: ಎಲ್‌ಇಡಿಯ ಉದ್ದ ಕಾಲು ಪ್ಲಸ್ಸಿಗೆ. ತಿರುಗಾಮುರುಗಾ ಆದರೆ ಹತ್ತಲ್ಲ. ಒಂದು ಸೆಲ್ಲಿನ 1.5 ವೋಲ್ಟ್ ಅದಕ್ಕೆ ಸಾಲದು, ಕೆಂಪಿಗೇ ಸುಮಾರು 2 ಬೇಕು. ನಮ್ಮ ಹುಡುಗರು ಲಿಂಬೆಹಣ್ಣಲ್ಲೂ ಹತ್ತಿಸಿದ್ದಾರೆ. ಒಂದು ತಾಮ್ರದ ತಂತಿ, ಒಂದು ಶೀಟಿಗೆ ಹೊಡೆಯೋ ಜಿಐ ಮೊಳೆ, ಅಂದ್ರೆ ಸತುವಿನ ಲೇಪ ಇರೋದು. ಒಂದು ಹಣ್ಣಿಗೆ ಒಂದು ವೋಲ್ಟಿನ ಹತ್ತಿರ ಬರುತ್ತದೆ, ಮೂರ್ನಾಲ್ಕು ಸಾಲಾಗಿ ಜೋಡಿಸಿ. ಬೆಳಕು ಮಂದ, ಕತ್ತಲೆ ಕೋಣೆ ಬೇಕು.

ಯಲ್ಲಾಪುರದಿಂದ: ಒಂದು ಮಾತು. ಚೌತಿಯ ಸೀರಿಯಲ್ ಸೆಟ್ ಬಿಚ್ಚಿ ತೋರಿಸೋ ಆಸೆ ಬೇಡ, ಅದು 230 ವೋಲ್ಟಿಗೆ ಹಾಕೋ ಸಾಮಾನು. ಮೊಬೈಲ್ ಬ್ಯಾಟರಿಯೂ ಬೇಡ, ಶಾರ್ಟ್ ಆದರೆ ಬೆಂಕಿ. ಟಾರ್ಚ್ ಸೆಲ್ಲೇ ಸಾಕು.

ಶಿರಸಿಯಿಂದ: ಮೊಳೆ ಮನೆಯಲ್ಲೇ ಇದೆ. ರೆಸಿಸ್ಟರ್ ಎಲ್ಲಿ ಸಿಗುತ್ತದೆ?

ಕಾರವಾರದಿಂದ: ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿ ತಂಗೀ. ಮಗಳನ್ನೂ ಕರ್ಕೊಂಡು ಹೋಗಿ.